ಭುಜದ ಮೇಲಿನ ಕೈ

“ವಿಮಾನ ಓಡ್ಸಿದೋರ್ಗೆ ಮಾತ್ರ ಮಾಲೆ, ಟೀಚರಮ್ಮ. ಹಿಂದೆ ನಕ್ಷೆ ನೋಡ್ಕಂಡ್ ಕೂತಿದ್ದೋರ್ಗೆಲ್ಲ ಹಾಕಕ್ಕಾಯ್ತದಾ?” ಅಂದ ಚನ್ನಕೇಶವ. ನನ್ನ ಹಳೇ ಶಿಷ್ಯ, ಈಗ ಸನ್ಮಾನ ಸಂಘದ ಕಾರ್ಯದರ್ಶಿ.

ಮತ್ತಿಗಿರಿಯ ಸಭಾಂಗಣದಲ್ಲಿ ಏಪ್ರಿಲ್ ತಿಂಗಳ ನಡುಮಧ್ಯಾಹ್ನ ನಡೆದದ್ದು ಇದು. ಎಪ್ಪತ್ತೊಂದರ ಯುದ್ಧಕ್ಕೆ ಹೋಗಿ ಹಿಂತಿರುಗದ ಆ ಬಾಂಬರ್ ವಿಮಾನದಲ್ಲಿದ್ದವರು ಇಬ್ಬರು: ಕೆಲಮಂಗಲದ ಪೈಲಟ್, ಅವನಿಗೆ ದಾರಿ ಹೇಳುತ್ತಿದ್ದ ನನ್ನಣ್ಣ ಸುಬ್ಬರಾಮ. ಇಬ್ಬರೂ ನಿಂತಿದ್ದ ಪಟವನ್ನೇ ನಾನು ಕೊಟ್ಟಿದ್ದೆ. ಸಂಘದವರು ಅಣ್ಣನನ್ನು ಕತ್ತರಿಸಿ ಹಾಕಿ, ಪೈಲಟ್ ಒಬ್ಬನನ್ನೇ ದೊಡ್ಡದು ಮಾಡಿಸಿ ಗಾಜು ಹಾಕಿಸಿದ್ದರು. ಅವನ ಭುಜದ ಮೇಲೆ ಅಣ್ಣನ ಕೈ ಮಾತ್ರ ಉಳಿದಿತ್ತು. ನನಗೆ ಮೈಯೆಲ್ಲ ಉರಿದುಹೋಯಿತು.

ಪಟಕ್ಕೆ ಹಾಕಿದ ಮಾಲೆ ಎರಡು ಸಲ ಜಾರಿ ಬಿತ್ತು. ಎತ್ತಿಕೊಟ್ಟವಳು ನಾನೇ. ಆ ಸೆಕೆಯಲ್ಲೂ ಹೂವು ಐಸಿನಷ್ಟು ತಣ್ಣಗಿತ್ತು. ಎಲ್ಲಿಂದಲೋ ವಿಮಾನದ ಎಂಜಿನ್ ಗುಂಯ್‌ಗುಡುವ ಸದ್ದು ಹತ್ತಿರವಾಗುತ್ತಲೇ ಇತ್ತು, ಕಿಟಕಿಯಾಚೆ ಆಕಾಶ ಖಾಲಿ.

“ಆ ಕೈ ಯಾರದು ಅಂತ ಮೈಕಿನಲ್ಲಿ ಹೇಳು ಚನ್ನಕೇಶವ,” ಅಂದೆ.

“ಒಂದು ಕೈಗೆ ಇಷ್ಟು ರಂಪಾನಾ? ಅದ್ರ ಮೇಲೊಂದು ಸ್ಟಿಕ್ಕರ್ ಅಂಟಿಸ್ಬುಡ್ತೀನಿ ಬುಡಿ,” ಅಂತ ನಗುತ್ತ, ಅಳತೆ ನೋಡುವವನ ಹಾಗೆ ಆ ಕೈಯ ಮೇಲೆ ಹೆಬ್ಬೆರಳು ಒತ್ತಿದ.

ಬೆರಳು ವಾಪಸು ಬರಲಿಲ್ಲ, ಮಂಜುಗಡ್ಡೆಗೆ ಅಂಟಿದ ಹಾಗೆ ಗಾಜಿಗೆ ಕಚ್ಚಿಕೊಂಡಿತ್ತು. ಸಂಘದವರಿಬ್ಬರು ಸೇರಿ ಎಳೆದಾಗ ಬಂತು, ತುದಿಯ ಚರ್ಮ ಗಾಜಿನ ಮೇಲೇ ಉಳಿಯಿತು.