ಕಂಡಿ ಮುಚ್ಚಿದ ದಿನ

"ಕಂಡಿ ಮುಚ್ಚ್ ಅಂದೆ, ತಿಮ್ಮ. ಮತ್ತೊಂದ್ ಸಲ ಹೇಳುದಿಲ್ಲೆ."

ಹೀಗೆಂದ ಪ್ರಭಾವತಿಗೆ ಹನ್ನೊಂದು ವರ್ಷ. ಎದುರಿಗೆ ಮಣ್ಣೆತ್ತುವ ಹಾರೆ ಹಿಡಿದು ನಿಂತ ತಿಮ್ಮನಿಗೆ ಐವತ್ತು ದಾಟಿತ್ತು. ಅವಳು ಗದ್ದೆಯ ಅಂಚಿನ ಮೇಲೆ, ಅವನು ಕೆಸರಿನಲ್ಲಿ.

ತಿಮ್ಮ ಪಡುದಿಕ್ಕಿಗೆ ಕೈ ತೋರಿಸಿದ. "ಅಲ್ಲ್ ಕಾಣಿ, ಸಣ್ಣಮ್ಮ. ದೊಡ್ಡ್ ಮಳಿ ಬತ್ತ್. ಈಗ ಮುಚ್ಚುಕಾಗ. ನೀರ್ ಏರ್ರೆ ನೆಟ್ಟ ನೇಜಿ ನಿಲ್ಲುದಿಲ್ಲೆ."

"ಗೊಬ್ರದ ನೀರೆಲ್ಲ ಹರ್ದ್ ಹೊರ್ಗೆ ಹೋತಿತ್ತ್. ಅದ್ ಕಾಣುದಿಲ್ಯಾ ನಿಂಗೆ? ಎದುರ್ ಮಾತಾಡುಕಾಗ."

ತಿಮ್ಮ ಅವಳನ್ನು ಒಮ್ಮೆ ನೋಡಿದ. ಬಳಿಕ, ನೀರು ಹೊರಗೆ ಹರಿಯುವ ಆ ಕಂಡಿಗೆ ಮಣ್ಣಿನ ಹೆಂಟೆಗಳನ್ನು ತುಂಬಿ, ಕಾಲಿನಿಂದ ಮೆಟ್ಟಿ ಭದ್ರಪಡಿಸಿದ.

ಯಡ್ತರೆಯ ಆ ಮನೆಯಲ್ಲಿ ಬೇಸಾಯವನ್ನು ನೋಡಿಕೊಳ್ಳುತ್ತಿದ್ದವಳು ಅಮ್ಮ. ಅಪ್ಪ ಬೊಂಬಾಯಿಯ ಹೋಟೆಲಿನಲ್ಲಿದ್ದರು. ನಟ್ಟಿಯ ಕೊನೆಯ ದಿನವೇ ಅಮ್ಮನಿಗೆ ಜ್ವರ ಬಂದಿತ್ತು. ಭಾನುವಾರವಾದ್ದರಿಂದ ಪ್ರಭಾವತಿಗೆ ಶಾಲೆಯಿರಲಿಲ್ಲ.

"ಇವತ್ತ್ ಗೆದ್ದಿ ಹತ್ರ ನೀನೇ ನಿಲ್ಕ್. ಎಲ್ಲ ತಿಮ್ಮಣ್ಣನ್ ಹತ್ರ ಕೇಂಡ್ಕಂಡ್ ಮಾಡ್," ಎಂದು ಅಮ್ಮ ಕಂಬಳಿಯೊಳಗಿಂದ ಹೇಳಿದ್ದಳು.

ಆ ಮಾತು ಪ್ರಭಾವತಿಗೆ ರುಚಿಸಿರಲಿಲ್ಲ. ಅಮ್ಮನದು ಯಾವಾಗಲೂ ಇದೇ. 'ಎಂತ ತಿಮ್ಮಣ್ಣ, ಎಲ್ಲಿಂದ ಶುರು ಮಾಡುವ?' 'ನಾಗು, ನೀರ್ ಇಷ್ಟ್ ಸಾಕಾ?' ಏನೂ ತಿಳಿಯದವಳ ಹಾಗೆ ದಿನವೂ ಕೇಳುತ್ತಾಳೆ. ಕಿರಿಮಂಜೇಶ್ವರದ ಭೋಜರಾಜ ಮಾವ ಹಾಗಲ್ಲ. ಅವರು ಕೊಡೆ ಹಿಡಿದು ಅಂಚಿನ ಮೇಲೆ ನಿಂತರೆ ಆಳುಗಳು ತಲೆಯೆತ್ತುವುದಿಲ್ಲ. ಡ್ರಿಲ್ ಮಾಷ್ಟ್ರ ಮುಂದೆ ನಿಂತ ಕ್ಲಾಸಿನ ಹಾಗೆ ಎಲ್ಲರೂ ಒಂದೇ ಲೈನು. ಯಜಮಾನಿಕೆ ಎಂದರೆ ಅದು.

ಗದ್ದೆಯಲ್ಲಿ ಹೆಂಗಸರು ಸಾಲಾಗಿ ಬಾಗಿ ಭತ್ತದ ನೇಜಿ ನೆಡುತ್ತಿದ್ದರು.

"ಹ್ವಾಯ್ ನಾಗಕ್ಕ, ಬೆನ್ನ್ ನೆಟ್ಟಗ್ ಮಾಡ್ಬೇಡಿ," ಎಂದಳು ಗುಲಾಬಿ. "ಇವತ್ತ್ ಇನ್ಸ್‌ಪೆಕ್ಟ್ರ್ ಬಂದಿರ್."

ಮಳೆಗೆಂದು ತಲೆಯಿಂದ ಬೆನ್ನಿಗೆ ಹೊದ್ದ ಗೊರಬುಗಳ ಅಡಿಯಲ್ಲಿ ಕಿಸಕಿಸ ನಗೆ ಹರಿದಾಡಿತು.

"ಯಾರ್ ನಗಾಡದ್ದ್?" ಪ್ರಭಾವತಿಯ ಮುಖ ಕೆಂಪಾಯಿತು. "ಕೆಲ್ಸ ಮಾಡುವಾಗ ಮಾತಾಡುಕಾಗ. ಒಬ್ರೂ."

ನಗೆ ನಿಂತಿತು. ಕೆಸರಿನ ಪಚಪಚ ಸದ್ದು ಮಾತ್ರ ಉಳಿಯಿತು. ಮಾವನ ಗದ್ದೆಯಲ್ಲಿ ಕೇಳಿದ್ದೂ ಇದೇ ಸದ್ದು. ಪ್ರಭಾವತಿ ಕೊಡೆಯ ಹಿಡಿಯನ್ನು ಬಿಗಿಯಾಗಿ ಹಿಡಿದು ಇನ್ನಷ್ಟು ನೆಟ್ಟಗೆ ನಿಂತಳು.

ಮಳೆ ಬಂತು. ಎದುರಿನ ತೆಂಗಿನ ಮರಗಳು ಮರೆಯಾಗುವಷ್ಟು ಬಂತು. ಕೊಡೆಯಡಿಯಲ್ಲಿ ನಿಂತವಳಿಗೆ ತನ್ನ ಪಾದಗಳ ಹೊರತು ಬೇರೇನೂ ಕಾಣುತ್ತಿರಲಿಲ್ಲ. ಗದ್ದೆಯೊಳಗೆ ನೀರು ಹೆಂಗಸರ ಮೀನಖಂಡದವರೆಗೆ ಏರಿತು. ಒಬ್ಬರೂ ತುಟಿ ಬಿಚ್ಚಲಿಲ್ಲ.

ಮಳೆ ತುಸು ತೆಳುವಾದಾಗ, ಪಡುಮೂಲೆಯಲ್ಲಿ ಹಸಿರು ಚಾಪೆಯಂಥದೊಂದು ಮೆಲ್ಲನೆ ತೇಲುತ್ತಿರುವುದನ್ನು ಪ್ರಭಾವತಿ ಕಂಡಳು. ಅದು ಚಾಪೆಯಲ್ಲ, ಬೆಳಗಿನಿಂದ ನೆಟ್ಟ ನೇಜಿ.

ಬಿತ್ತಿದ ಮಡಿಯಲ್ಲಿ ಮತ್ತೆ ನೆಡಲು ಒಂದು ಸಸಿಯೂ ಉಳಿದಿರಲಿಲ್ಲ. ಈ ಗದ್ದೆಯ ಅಕ್ಕಿಯೇ ಮನೆಯವರ ವರ್ಷದ ಊಟ.

"ನಾಗಕ್ಕ, ನೀರ್ ಏರುದ್ ಕಾಣ್ಲಿಲ್ಯಾ ನಿಮ್ಗೆ?"

"ಕಂಡಿತ್ತ್, ಸಣ್ಣಮ್ಮ."

"ಮತ್ತೆ ಎಂತಕೆ ಹೇಳ್ಲಿಲ್ಲೆ?"

"ಮಾತಾಡುಕಾಗ ಅಂದ್ರಲೆ."

ನಾಗುವಿನ ದನಿಯಲ್ಲಿ ಕೋಪವಿರಲಿಲ್ಲ, ಅಣಕವೂ ಇರಲಿಲ್ಲ. ಅದೇ ಪ್ರಭಾವತಿಯನ್ನು ಹೆಚ್ಚು ಚುಚ್ಚಿತು. ಅವಳು ಕೊಡೆ ಮಡಚಿ, ಲಂಗ ಎತ್ತಿ ಕಟ್ಟಿ ಕೆಸರಿಗಿಳಿದಳು.

"ತಿಮ್ಮಣ್ಣ, ಈಗ ಎಂತ ಮಾಡ್ಕ್?"

ಆ ಪ್ರಶ್ನೆಗೇ ಕಾದಿದ್ದವನಂತೆ ತಿಮ್ಮ ಹಾರೆ ಎತ್ತಿಕೊಂಡ. "ಒಂದೇ ಸಲ ತೆರಿಯುಕಾಗ. ತೆರ್ದ್ರೆ ತೇಲಿದ್ದೆಲ್ಲ ತೋಡಿಗೆ ಹೋತ್ತ್. ಗುಲಾಬಿ, ಬುಟ್ಟಿ ಅಡ್ಡ ಹಿಡಿ. ಸಣ್ಣಮ್ಮ, ನೀವ್ ಮೂಲೆಲಿಪ್ಪದನ್ನ ಒಟ್ಟ್ ಮಾಡಿ. ಕತ್ಲಿ ಆಪುದ್ರೊಳ್ಗೆ ಮತ್ತೆ ನೆಟ್ರೆ ಬದ್ಕತ್ತ್."

ಗದ್ದೆ ಒಮ್ಮೆಲೇ ಮಾತಿನಿಂದ ತುಂಬಿತು. "ಇತ್ಲಾಗ್ ತಳ್ಳ್." "ಬೇರ್ ಮುರಿಬೇಡ ಮಾರಾಯ್ತಿ." "ಕಲ್ಲ್ ಇತ್ತ್, ಜಾಗ್ರತೆ." ಪ್ರಭಾವತಿ ಎರಡೂ ಕೈಗಳಿಂದ ನೇಜಿಯನ್ನು ಬಾಚಿದಳು. ತೆರೆದ ಕಂಡಿಯಿಂದ ನೀರು ಭೋರೆಂದು ಇಳಿಯತೊಡಗಿತು.

ಅಷ್ಟರಲ್ಲಿ ಎಲ್ಲರೂ ಸುಮ್ಮನಾದರು. ಅಂಚಿನ ಮೇಲೆ ಭೋಜರಾಜ ಮಾವ ಕೊಡೆ ಹಿಡಿದು ನಿಂತಿದ್ದರು. ಅಕ್ಕನ ಜ್ವರ ವಿಚಾರಿಸಲು ಬಂದವರು ಗದ್ದೆಯ ಕಡೆಗೂ ಬಂದಿದ್ದರು.

"ಯಾರ್ ಕಂಡಿ ಮುಚ್ಚಿದ್ದ್?"

"ನಾನ್, ಒಡೆಯಾ," ಎಂದ ತಿಮ್ಮ.

"ನಾಳೆಯಿಂದ ಈ ಗೆದ್ದಿಗೆ ಕಾಲ್ ಹಾಕ್ಬೇಡ. ಅಕ್ಕನ್ ಹತ್ರ ನಾನ್ ಹೇಳ್ತೆ."

ತಿಮ್ಮ ಇನ್ನೇನಾದರೂ ಹೇಳುವನೆಂದು ಪ್ರಭಾವತಿ ಕಾದಳು. ಅವನು ಹಾರೆಯ ಕಾವನ್ನೇ ನೋಡುತ್ತಿದ್ದ.

"ಮಾವ, ಮುಚ್ಚ್ ಅಂದದ್ದ್ ನಾನ್. ತಿಮ್ಮಣ್ಣ ಬೇಡ ಅಂದಿದ್ದ, ನಾನೇ ಕೇಣ್ಲಿಲ್ಲೆ. ಅಮ್ಮನ್ ಹತ್ರವೂ ನಾನೇ ಹೇಳ್ತೆ."

ಮಾವ ಹುಬ್ಬು ಗಂಟಿಕ್ಕಿದರು. "ನೀ ಸಣ್ಣವ್ಳ್. ನೀ ಸುಮ್ನಿರ್." ಮತ್ತೆ ಆಳುಗಳ ಕಡೆಗೆ ತಿರುಗಿದರು.

ಆಗ ಪ್ರಭಾವತಿಯ ಕಣ್ಣು ಅವರ ಕಾಲ ಬಳಿಗೆ ಹೋಯಿತು. ಮಾವ ನಿಂತಿದ್ದುದು ಕಂಡಿಯ ಪಕ್ಕದಲ್ಲೇ. ಹರಿಯುವ ನೀರು ಅಂಚಿನ ಅಡಿಯ ಮಣ್ಣನ್ನು ಕೊರೆದುಬಿಟ್ಟಿತ್ತು. ಅವರ ಚಪ್ಪಲಿಯ ಹಿಂದೆ ಬೆರಳಗಲದ ಬಿರುಕು ಬಾಯಿ ಬಿಟ್ಟಿತ್ತು.

"ಮಾವ, ಅಲ್ಲ್ ನಿಲ್ಲ್..."

"ಸುಮ್ನಿರ್ ಅಂದೆ."

ಅವಳು ಬಾಯಿ ಮುಚ್ಚಿದಳು. ಸುತ್ತ ನೋಡಿದಳು. ತಿಮ್ಮ ಬಿರುಕನ್ನು ನೋಡಿದ. ಹಾರೆಗೆ ಮೆತ್ತಿದ್ದ ಕೆಸರನ್ನು ಕೆರೆಯತೊಡಗಿದ. ಗುಲಾಬಿ ನೋಡಿ ನಾಗುವನ್ನು ಮೊಣಕೈಯಿಂದ ತಿವಿದಳು. ನಾಗುವೂ ನೋಡಿ ತಲೆ ತಗ್ಗಿಸಿದಳು.

"ಇಷ್ಟ್ ಜನ ಇದ್ರಿ," ಎಂದರು ಮಾವ. "ನೀರ್ ಏರ್ತ್ ಅಂದ್ ಒಬ್ರಿಗಾರೂ ಬಾಯ್ ಬಿಟ್ಟ್ ಹೇಳುಕ್ ಆಯ್ಲಿಲ್ಯಾ?"

ಯಾರೂ ಉತ್ತರ ಕೊಡಲಿಲ್ಲ. ಗೊರಬುಗಳಿಂದ ನೀರು ತೊಟ್ಟಿಕ್ಕುತ್ತಿತ್ತು. ಬಿರುಕು ಅಂಗೈಯಗಲವಾಯಿತು. ಪ್ರಭಾವತಿ ಆ ಮೌನವನ್ನು ಗುರುತು ಹಿಡಿದಳು. ಬೆಳಿಗ್ಗೆ ಅವಳು ಅದನ್ನು ಮರ್ಯಾದೆ ಎಂದು ತಿಳಿದಿದ್ದಳು.