ಗಾಳಿ ಬದಿಯ ಹಲಗೆ

ಸಾವಿನ ಮನೆಯಿಂದ ಕೊನೆಯ ನೆಂಟರೂ ಹೊರಟುಹೋದ ಮರುದಿನ ಬೆಳಿಗ್ಗೆ ಮೀನಿನವಳು ಗೇಟಿನ ಹತ್ತಿರ ಎಂದಿನಂತೆ ಕೂಗಿದಳು. ಅತ್ತೆ ಬರ್ನಡೆಟ್ ಎಂದಿನಂತೆ ಬಂಗುಡೆಯ ಕಿವಿರು ಎತ್ತಿ ನೋಡಿದರು, ಎಂದಿನಂತೆ ಚೌಕಾಸಿ ಮಾಡಿ ಕೊಂಡರು.

ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಬೆನಿಟಾಳಿಗೆ ಸಹಿಸಲಾಗದೆ ಹೋದದ್ದು ಅದೇ. ಲೋಕಕ್ಕೆ ಇಷ್ಟು ಬೇಗ ಹಸಿವಾಗುತ್ತದೆಯೇ?

ಅವಳು ಅಳಲಿಲ್ಲ. ಗಂಡ ಸೆವರಿನ್‌ನ ಶವಪೆಟ್ಟಿಗೆಯನ್ನು ಗುಂಡಿಗೆ ಇಳಿಸುವಾಗಲೂ ಅತ್ತಿರಲಿಲ್ಲ. ಮದ್ರಾಸಿನಲ್ಲಿ ಓದಿ ಬಂದವಳಿಗೆ ಕಲ್ಲೆದೆ ಎಂದು ಹೆಂಗಸರು ಪಿಸುಗುಟ್ಟಿದ್ದು ಅವಳ ಕಿವಿಗೂ ಬಿದ್ದಿತ್ತು. ಕಲ್ಲಾದದ್ದು ಓದಿನಿಂದಲ್ಲ, ಒಂದು ಮಾತಿನಿಂದ ಎಂದು ಅವರಿಗೆ ಹೇಗೆ ಗೊತ್ತಾಗಬೇಕು?

"ಮರೆ."

ಆಸ್ಪತ್ರೆಯಲ್ಲಿ, ಜ್ವರ ಎದೆಗಿಳಿದು ಉಸಿರಿಗೆ ಒದ್ದಾಡುತ್ತಿದ್ದ ಗಂಡನ ಕೈ ಹಿಡಿದು ಅವಳು ಕೇಳಿದ್ದಳು, ನೀವು ಹೀಗೆ ಮಲಗಿದರೆ ನಾನು ಎಂತ ಮಾಡಲಿ ಎಂದು. ಅವನು ಕಣ್ಣು ತೆರೆದ. ಆಡಿದ್ದು ಅದೊಂದೇ ಪದ. ಆಮೇಲೆ ಅವಳ ಕೈಯನ್ನು ಕೆಳಕ್ಕೆ, ತನ್ನಿಂದ ಆಚೆಗೆ ತಳ್ಳಿದ. ಬೆಳಗಾಗುವ ಮೊದಲೇ ಹೋಗಿಬಿಟ್ಟ.

ಮರೆತುಬಿಡು...

ಅದೂ ಕನ್ನಡದಲ್ಲಿ. ಅವರಿಬ್ಬರ ನಡುವಿನ ಮಾತೆಲ್ಲ ಕೊಂಕಣಿ. ಕನ್ನಡ ಅವನು ಉಳ್ಳಾಲದ ಶಾಲೆಯಲ್ಲಿ ಮಕ್ಕಳಿಗೆ ಕಲಿಸುತ್ತಿದ್ದ ಭಾಷೆ, ಹೊರಗಿನವರ ಜೊತೆ ಆಡುತ್ತಿದ್ದ ಭಾಷೆ. ಕೊನೆಯ ಗಳಿಗೆಯಲ್ಲಿ ತಾನೂ ಅವನಿಗೆ ಹೊರಗಿನವಳಾದೆನೇ? ಅಥವಾ ಯಾವತ್ತೂ ಹೊರಗಿನವಳೇ ಆಗಿದ್ದೆನೇ?

ಹಾಗಾಗಿಯೇ, ಭಾನುವಾರ ಬಂದು ಕದ್ರಿಯ ತವರಿಗೆ ಕರೆದುಕೊಂಡು ಹೋಗುತ್ತೇನೆಂದು ಅಣ್ಣ ಯೂಸ್ಟೇಸ್ ಹೇಳಿದಾಗ ಅವಳು ಆಗಲಿ ಎಂದಿದ್ದಳು. ಮರೆ ಎಂದವನ ಮನೆಯಲ್ಲಿ ಯಾಕಿರಬೇಕು?

"ಬೆನಿಟಾ, ಹಿತ್ತಿಲಲ್ಲಿ ಆ ನಾರುವ ಬಟ್ಟೆ ಯಾರದ್ದು ಮಾರಾಯ್ತಿ? ಕಾಗೆ ಕೂಡ ಹತ್ತಿರ ಬರುವುದಿಲ್ಲ" ಎಂದರು ಅತ್ತೆ.

ಕಪ್ಪು ಬಣ್ಣದಲ್ಲಿ ಅದ್ದಿದ ಅವಳ ಸೀರೆಗಳನ್ನು ಒಣಹಾಕಿದ್ದ ಹಗ್ಗದ ತುದಿಯಲ್ಲಿ, ಮೀನೆಣ್ಣೆ ಕುಡಿದು ಕಂದು ಬಣ್ಣವಾದ ಹಳೆಯ ಹಾಯಿಬಟ್ಟೆಯ ತುಂಡೊಂದು ತೂಗುತ್ತಿತ್ತು.

"ದೋಣಿಯ ಅಬ್ದುಲ್ಲಣ್ಣನದ್ದು, ಮಾಂಯ್. ಇವರು ಕೇಳಿ ತಂದದ್ದು, ಆ ಮಳೆಯ ದಿನ."

"ಹಾಗಾದರೆ ಕೊಟ್ಟು ಬಾ. ನನ್ನ ಮಗ ಯಾರದ್ದನ್ನೂ ಇಟ್ಟುಕೊಂಡವನಲ್ಲ."

ಅಷ್ಟು ಹೇಳುವಷ್ಟರಲ್ಲಿ ಅತ್ತೆಯ ಕೈಯಲ್ಲಿದ್ದ ಬಂಗುಡೆ ಜಾರಿ ನೆಲಕ್ಕೆ ಬಿತ್ತು. ಅವರು ಅದನ್ನು ಎತ್ತಿಕೊಳ್ಳಲಿಲ್ಲ, ನೋಡುತ್ತಾ ನಿಂತರು. ಅತ್ತೆಯೂ ಎಂದಿನಂತೆ ಇಲ್ಲವೆಂದು ಬೆನಿಟಾಳಿಗೆ ಆಗ ತಿಳಿಯಿತು.

ಆ ಕಾಲಕ್ಕೆ ನೇತ್ರಾವತಿಗೆ ಬಸ್ಸು ಹೋಗುವ ಸೇತುವೆ ಇರಲಿಲ್ಲ. ಬಂದರಿನಿಂದ ಉಳ್ಳಾಲಕ್ಕೆ ಅಬ್ದುಲ್ಲನ ಹಾಯಿದೋಣಿ. ಅವಳು ಸೆವರಿನ್‌ನನ್ನು ಮೊದಲು ಕಂಡದ್ದೂ ಅದರಲ್ಲೇ.

ಅಂದು ಗೆಳತಿಯ ಮನೆಗೆ ಹೊರಟಿದ್ದ ಅವಳು, ಗಾಳಿ ಬೀಸುವ ಬದಿಯಲ್ಲಿ, ಅಂಚಿಗೆ ತಾಗಿದ ಎತ್ತರದ ಹಲಗೆಯ ಮೇಲೆ ಕುಳಿತಿದ್ದಳು. ಅಲ್ಲಿಂದ ಕಡಲು ಕಾಣುತ್ತಿತ್ತು. ಬಿಳಿ ಅಂಗಿಯ ಅಪರಿಚಿತನೊಬ್ಬ ಬಂದು ನಿಂತ.

"ಏಳಿ. ಕೆಳಗೆ ಕೂತುಕೊಳ್ಳಿ. ಇದು ನನ್ನ ಜಾಗ."

"ಈ ಜಾಗಕ್ಕೆ ಟಿಕೇಟು ತೆಗೆದಿದ್ದೀರೋ?"

"ಇಡೀ ವರ್ಷದ್ದು ತೆಗೆದಿದ್ದೇನೆ" ಎಂದವನ ಕಿವಿ ಕೆಂಪಾಗಿತ್ತು. ಕೈಯಿಂದ ಗಾಳಿಯನ್ನೇ ಕೆಳಕ್ಕೆ ತಳ್ಳಿ ಅವಳಿಗೆ ದೋಣಿಯ ತಳ ತೋರಿಸಿದ.

ಹಾಯಿಬಟ್ಟೆಯ ಅಡಿಯಲ್ಲಿ, ಮೀನುಬುಟ್ಟಿಗಳ ನಡುವೆ ಮುದುಡಿ ಕುಳಿತು, ಮಂಗಳೂರಿನಲ್ಲಿ ಇವನಷ್ಟು ಒರಟ ಬೇರೆ ಇಲ್ಲ ಎಂದು ಅವಳು ತೀರ್ಮಾನಿಸಿದ್ದಳು. ಇಳಿಯುವಾಗ ಅವನ ಬೆನ್ನು ಒದ್ದೆಯಾಗಿತ್ತು. ಆಗಬೇಕಾದದ್ದೇ ಎಂದುಕೊಂಡಳು. ಅದೇ ಒರಟ, ಹೆಣ್ಣು ನೋಡಲು ಕದ್ರಿಯ ಮನೆಗೆ ಬಂದಾಗ ನಗು ತಡೆಯಲಾರದೆ ಒಪ್ಪಿಕೊಂಡಳು.

ಮದುವೆಯಾದ ಮೇಲೂ ಅಷ್ಟೇ. ಅಪರೂಪಕ್ಕೆ ಅವನ ಚಿಕ್ಕಮ್ಮನ ಮನೆಗೆಂದು ಉಳ್ಳಾಲಕ್ಕೆ ಹೊರಟರೆ ಅವಳಿಗೆ ತಳ, ಅವನಿಗೆ ಹಲಗೆ. ಪಕ್ಕದಲ್ಲಿ ಕೂರಬಾರದೇ ಎಂದು ಅವಳಿಗೆ ಅನಿಸುತ್ತಿತ್ತು. ಒಳ್ಳೆಯ ಜಾಗ ಯಾವಾಗಲೂ ನಿಮಗೇ ಎಂದು ಚುಚ್ಚಿದರೆ ನಗುತ್ತಿದ್ದ. ಮಾತು ಕಡಿಮೆ. ಬಟ್ಟೆಯ ಪಟಪಟ ಸದ್ದಿನಲ್ಲಿ ಮೇಲೆ ಯಾರು ಏನು ಅನ್ನುತ್ತಿದ್ದರೋ ಕೆಳಗೆ ಕೇಳುತ್ತಲೂ ಇರಲಿಲ್ಲ.

ಕೊನೆಯ ಸಲ ದಾರಿಯಲ್ಲಿ ಮಳೆ ಹಿಡಿಯಿತು. ಅವನು ಹಾಯಿಬಟ್ಟೆಯನ್ನು ಕೇಳಿ ತಂದು, ಅವಳ ತಲೆಗೆ ಹೊದಿಸಿ, ತಾನು ನೆನೆದ ಅಂಗಿಯಲ್ಲೇ ಮನೆಯವರೆಗೆ ನಡೆದಿದ್ದ. ಅಂದೇ ಕೆಮ್ಮು ಶುರುವಾಯಿತು.

ಈಗ ಅವಳು ಆ ಬಟ್ಟೆ ಹಿಡಿದು ಬಂದರಿಗೆ ಬಂದಾಗ, ಕಪ್ಪು ಸೀರೆಯನ್ನು ಕಂಡು ದೋಣಿಯಲ್ಲಿದ್ದವರು ಸರಿದು ದಾರಿ ಬಿಟ್ಟರು. ಅಬ್ದುಲ್ಲ ಹಗ್ಗ ಬಿಚ್ಚುತ್ತಿದ್ದ. ಅವಳು ಬಟ್ಟೆ ಚಾಚಿದಳು. ಅವನು ಮುಖ ತಿರುಗಿಸಿದ.

"ಹತ್ತಿ, ಬಾಯಮ್ಮ, ಕೈ ಖಾಲಿ ಇಲ್ಲ. ಆಚೆ ದಡದಲ್ಲಿ ಕೊಡಿ. ಇವತ್ತು ಅದು ಬೇಕೇ ಬೇಕು, ಅಳಿವೆಯಲ್ಲಿ ಗಾಳಿ ಉಂಟು."

ಶಾಲೆಯಲ್ಲಿ ಉಳಿದಿದ್ದ ಗಂಡನ ಕೊಡೆಯನ್ನು ತರುವುದೂ ಇತ್ತು. ಹತ್ತಿದಳು.

ತಳದಲ್ಲಿ ಕುಶಲಾ ಎಂಬ ಬಾಣಂತಿ ಮಗುವನ್ನು ಮಡಿಲಲ್ಲಿಟ್ಟುಕೊಂಡು ಕುಳಿತಿದ್ದಳು. ಅಬ್ದುಲ್ಲ ಅವಳು ತಂದ ಬಟ್ಟೆಯ ಒಂದು ಅಂಚನ್ನು ದೋಣಿಯ ಮೊಳೆಗಳಿಗೆ ಬಿಗಿದ. ಮೇಲಿನ ಅಂಚು ಗಾಳಿಗೆ ಹಾರಾಡಿತು. ಎಲ್ಲರ ಕಣ್ಣೂ ಖಾಲಿ ಹಲಗೆಯ ಕಡೆಗೆ ಹೋಯಿತು.

ಒಂದು ಸಲವಾದರೂ ಅವನ ಒಳ್ಳೆಯ ಜಾಗದಲ್ಲಿ ಕೂತು ನೋಡುತ್ತೇನೆ... ಬೆನಿಟಾ ಹೋಗಿ ಅಲ್ಲಿ ಕುಳಿತಳು. ಹಾರುವ ಅಂಚು ಮುಖಕ್ಕೆ ಬಡಿಯಿತು, ಅದನ್ನು ಹಿಡಿದುಕೊಂಡಳು.

"ಅಲ್ಲಿ ಬೇಡ ಅಕ್ಕ, ನೆನೆದು ಮೀನಿನ ಹಾಗೆ ಆಗ್ತೀರಿ" ಎಂದಳು ಕುಶಲಾ.

ನದಿ ಕಡಲಿಗೆ ಸೇರುವ ಅಳಿವೆ ಹತ್ತಿರವಾದಂತೆ ದೋಣಿ ವಾಲಿತು. ಮೊದಲ ಅಲೆ ಅಂಚಿಗೆ ಬಡಿದು ಒಡೆದು ಅವಳ ಬೆನ್ನಿಗೆ ಕಲ್ಲಿನಂತೆ ಅಪ್ಪಳಿಸಿತು. ಉಸಿರೇ ನಿಂತಿತು. ಗಾಳಿ ಒದ್ದೆ ಸೀರೆಯನ್ನು ತೂರಿ ಮೂಳೆಗೆ ಇಳಿಯಿತು. ಇಲ್ಲಿ ಕೂತು ಬಟ್ಟೆ ಹಿಡಿದವನಿಗೆ ಕಡಲು ಕಾಣುವುದಿಲ್ಲ, ಕಡಲಿಗೆ ಬೆನ್ನು ಕೊಡಬೇಕು. ಕೈಯಲ್ಲಿ ಬಟ್ಟೆ. ಅದನ್ನು ಬಿಟ್ಟರೆ ಕೆಳಗಿನ ಮಗುವಿನ ಮೇಲೆ ನೀರು.

ಚುಕ್ಕಾಣಿಯಿಂದ ಅಬ್ದುಲ್ಲ ಕೂಗಿದ.

"ಮರೆ! ಮರೆ!"

ಕುಶಲಾ ಮಗುವನ್ನು ಎದೆಗವಚಿ ಬಟ್ಟೆಯ ಅಡಿಗೆ ಸರಿದಳು. ಅಲೆ ಮೇಲಿಂದ ಹಾರಿಹೋಯಿತು.

ಬೆನಿಟಾಳ ಬೆರಳುಗಳು ಬಟ್ಟೆಯ ಮೇಲೆ ಬಿಗಿದವು. ಮರೆ... ಮರೆಗೆ ಸರಿ. ನೀರು ಬರುತ್ತಿದೆ, ಬಟ್ಟೆಯ ಮರೆಗೆ ಬಾ. ದೋಣಿಯ ಮಾತು ಅದು. ಅದಕ್ಕೇ ಕನ್ನಡ.

ಕೊನೆಯ ಗಳಿಗೆಯಲ್ಲಿ ಅವನು ಇದ್ದದ್ದು ಆಸ್ಪತ್ರೆಯಲ್ಲಲ್ಲ, ಈ ಹಲಗೆಯ ಮೇಲೆ. ಕೈಯನ್ನು ಕೆಳಕ್ಕೆ ತಳ್ಳಿದ್ದು ತನ್ನನ್ನು ದೂರ ಮಾಡಲು ಅಲ್ಲ.

"ಅಬ್ದುಲ್ಲಣ್ಣ... ಇವರೂ ಹಾಗೆ ಕೂಗ್ತಿದ್ರಾ?"

"ಮಾಸ್ಟ್ರಾ? ನನಗಿಂತ ಮೊದಲು. ನೀವು ಕೆಳಗೆ ಕೂತ ದಿನ ಅಲೆ ಇಲ್ಲದಿದ್ದರೂ ಕೂಗುವುದು. ಎಂತ ಮಾಸ್ಟ್ರೆ, ಹೆಂಡತಿಗೆ ಹನಿ ತಾಗಿದರೆ ಕರಗ್ತಾರಾ ಅಂತ ನಾನು ತಮಾಷೆ ಮಾಡ್ತಿದ್ದೆ." ಅವನ ದನಿ ಸಣ್ಣದಾಯಿತು. "ಇನ್ನು ಯಾರಿಗೆ ತಮಾಷೆ ಮಾಡುವುದು."

ಆಗ ಅವಳಿಗೆ ಅಳು ಬಂತು. ಎರಡೂ ಕೈಯಲ್ಲಿ ಬಟ್ಟೆ, ಒರೆಸಿಕೊಳ್ಳಲು ಕೈಯಿರಲಿಲ್ಲ. ಗೊತ್ತಾಯಿತು ಎಂದು ಅವನಿಗೆ ಹೇಳುವ ದಾರಿಯೂ ಇರಲಿಲ್ಲ. ಗೊತ್ತಾದದ್ದರಿಂದ ಅವನು ಬರುವುದೂ ಇಲ್ಲ. ತಾನು ಒಣಗಿಯೇ ಇದ್ದೆ, ಆ ಒಣ ಸೀರೆಗೆ ಬೆಲೆ ತೆತ್ತವನು ಅವನು. ಆದರೂ ಭಾನುವಾರ ಯೂಸ್ಟೇಸ್ ಬಂದರೆ, ಬರುವುದಿಲ್ಲ ಎನ್ನಬೇಕು.

ಉಳ್ಳಾಲದ ದಡದಲ್ಲಿ ಎಲ್ಲರೂ ಇಳಿದರು. ಕುಶಲಾಳ ಮಗು ನಿದ್ದೆಯಲ್ಲಿತ್ತು. ಬೆನಿಟಾ ಮೊಳೆಗಳಿಂದ ಬಟ್ಟೆ ಬಿಡಿಸಿದಳು. ಒಂದು ಬದಿ ನೀರು ಸೋರುತ್ತಿತ್ತು, ಇನ್ನೊಂದು ಬದಿ ಒಣಗಿತ್ತು. ಆ ಒಣ ಬದಿಯನ್ನು ಅವಳು ಒಮ್ಮೆ ಕೆನ್ನೆಗೆ ಒತ್ತಿಕೊಂಡಳು.

"ನಿಮ್ಮ ಹತ್ತಿರವೇ ಇರಲಿ ಬಾಯಮ್ಮ" ಎಂದ ಅಬ್ದುಲ್ಲ.

"ಬೇಡ. ಅವರು ಕೇಳಿ ತಂದದ್ದು. ಅವರ ಪರವಾಗಿ ಕೊಡ್ತಾ ಇದ್ದೇನೆ."

"ವಾಪಸು ಬರುವಾಗ ಮರೆಗೆ ಕೂತುಕೊಳ್ಳಿ. ನಾನೇ ಹೇಗಾದರೂ ಹಿಡೀತೇನೆ."

"ನಾನು ಅವರ ಜಾಗದಲ್ಲಿ ಕೂತುಕೊಳ್ತೇನೆ, ಅಣ್ಣ."

"ಒದ್ದೆ ಆಗ್ತೀರಿ."

"ಆಗ್ಲಿ" ಎಂದು ಅವಳು ಬಟ್ಟೆಯನ್ನು ಮಡಚಿ, ಒಣ ಬದಿ ಮೇಲಿರುವಂತೆ ಅವನ ಕೈಗಿಟ್ಟಳು.