ಅತ್ತೆ ಸೌಟು ಇಳಿಸಿದ ದಿನ

ಆ ವಿದೇಶ ಪ್ರವಾಸದಲ್ಲಿ ನಾನು ಒಂದು ಪೀಪಾಯಿ ವೈನನ್ನು ಒಂದೇ ಉಸಿರಿಗೆ ಕುಡಿದು ತೇಗಿದ ಸದ್ದಿಗೆ ಸಮುದ್ರದ ತಿಮಿಂಗಿಲಗಳೆಲ್ಲ ಗಾಬರಿಬಿದ್ದು ಮೇಲೆದ್ದು ಬಂದವು. ನಂಬಿದರೆ ನಂಬಿ, ಬಿಟ್ಟರೆ ನಿಮ್ಮ ಕರ್ಮ! ಆದರೆ ಅದಕ್ಕಿಂತ ದೊಡ್ಡ ಸದ್ದೊಂದು ಅದೇ ದಿನ ಬೆಳಿಗ್ಗೆ ನಾವು ಇಳಿದುಕೊಂಡಿದ್ದ ಹೋಟೆಲಿನಲ್ಲಾಗಿತ್ತು.

ನನ್ನ ಅತ್ತೆ ಒಗ್ಗರಣೆ ಹಾಕಿದ್ದರು. ಅಷ್ಟೇ. ಕೋಣೆಯ ಮಂಚಕ್ಕೂ ಕಪಾಟಿಗೂ ನಡುವಿನ ಸಂದಿಯಲ್ಲಿ ಕರೆಂಟ್ ಒಲೆಯಿಟ್ಟುಕೊಂಡು, ಸೆರಗಿನಿಂದ ಹೊಗೆ ಬೀಸುತ್ತಾ... ಮೆಣಸಿನಕಾಯಿಯ ಘಾಟು ಛಾವಣಿ ಮುಟ್ಟಿದ್ದೇ ತಡ, ಬೆಂಕಿ ಬಿದ್ದರೆ ಹೊಡೆದುಕೊಳ್ಳುವ ಎಚ್ಚರಿಕೆಯ ಗಂಟೆ ಇಡೀ ಕಟ್ಟಡವನ್ನೇ ಕಿತ್ತೊಗೆಯುವಂತೆ ಅರಚಿಕೊಂಡಿತು! ಲಕ್ಷಾಂತರ ಅತಿಥಿಗಳು (ಸರಿ, ಒಂದು ಬಸ್ಸಿನಷ್ಟು ಜನ) ಟವೆಲ್ಲು ಸುತ್ತಿಕೊಂಡೇ ಅಂಗಳಕ್ಕೆ ಓಡಿದರು. ಒಬ್ಬ ಮಹಾಶಯನ ಅರ್ಧ ಗಡ್ಡ ಕೆನ್ನೆಯ ಮೇಲೇ ಉಳಿದಿತ್ತು.

ಈ ಪ್ರವಾಸ ಹೊರಟಿದ್ದೇ ಅತ್ತೆಯ ಹೆಸರಿನಲ್ಲಿ. ಆಯುಷ್ಯವೆಲ್ಲ ಮಕ್ಕಳ ವಾರ್ಡಿನಲ್ಲಿ ನರ್ಸಾಗಿ ದುಡಿದ ಹೆಂಗಸು. ಆ ವಾರ್ಡಿನ ಗೋಡೆಯ ಮೇಲೆ ಒಂದು ತಿಮಿಂಗಿಲದ ಚಿತ್ರವಿತ್ತಂತೆ. "ಒಂದ್ಸಲ ನಿಜವಾದ್ದನ್ನ ನೋಡ್ಬೇಕು ಕಣ್ರೇ" ಎಂದು ಅವರು ಇಬ್ಬರು ಹೆಣ್ಣುಮಕ್ಕಳ ಬಳಿ ಬಾಯಿಬಿಟ್ಟು ಕೇಳಿದ್ದು ಅದೊಂದನ್ನೇ. ಆದರೆ ಜೊತೆಗೆ ನನ್ನ ಷಡ್ಡಕನೂ ಹೊರಟನಲ್ಲ! ಹಿರಿಯಳಿಯ, ಡ್ರೈವಿಂಗ್ ಸ್ಕೂಲಿನ ಮೇಷ್ಟ್ರು. ಪಾಠದ ಕಾರಿನಲ್ಲಿ ಮೇಷ್ಟ್ರ ಕಾಲಡಿಯಲ್ಲೂ ಒಂದು ಬ್ರೇಕ್ ಇರುತ್ತದೆ ನೋಡಿ, ಹಾಗೆಯೇ ಮನೆಮಂದಿಯ ಬದುಕಿಗೆಲ್ಲ ಒಂದು ಬ್ರೇಕ್ ತನ್ನ ಕಾಲಡಿಯಲ್ಲಿದೆಯೆಂದು ನಂಬಿದ ಆಸಾಮಿ. "ಹೊರಗಿನ ಊಟ ನಂಗಾಗಲ್ಲ" ಎಂದು ಒಂದು ಪೆಟ್ಟಿಗೆ ತುಂಬ ದಿನಸಿ ಹೊರಿಸಿದ್ದ. ನಾವು ದ್ರಾಕ್ಷಿ ತೋಟ ಸುತ್ತಿದ ದಿನ ಅತ್ತೆ ಕೋಣೆಯಲ್ಲಿ ಬೇಯಿಸಿದರು. ನಾವು ಊರಿನವರ ಹಾಡು ಕೇಳಲು ಹೋದ ಸಂಜೆ ಅತ್ತೆ ಬಚ್ಚಲಿನಲ್ಲಿ ಪಾತ್ರೆ ತಿಕ್ಕಿದರು. ಉಳಿದಿದ್ದು ಕೊನೆಯ ದಿನ, ತಿಮಿಂಗಿಲದ ದೋಣಿ.

ಅಂಗಳದ ನಡುವೆ ಷಡ್ಡಕ ಹಲ್ಲು ಕಡಿದ. "ಮಾನ ಕಳೆದ್ರಲ್ಲ ಅತ್ತೆ! ಕಿಟಕಿ ತೆಗೆದು ಒಗ್ಗರಣೆ ಹಾಕಿ ಅಂತ ಎಷ್ಟು ಬಡ್ಕೊಂಡೆ?"

"ಆ ಕಿಟಕಿ ತೆಗೆಯೋಕೇ ಬರಲ್ಲ ಅಳಿಯಂದ್ರೇ..."

"ಎದುರು ಮಾತಾಡ್ಬೇಡಿ. ಗಂಟೆ ನಿಂತಿದೆ, ಮೇಲೆ ಹೋಗಿ ಅನ್ನಕ್ಕಿಡಿ. ದೋಣಿಯಿಂದ ಬರೋವಾಗ ಹಸಿದಿರ್ತೀವಿ."

"ಹಾಗಾದ್ರೆ... ದೋಣಿಗೆ ನಾನು?"

"ಈ ವಯಸ್ಸಲ್ಲಿ ನಿಮಗ್ಯಾಕೆ ಅದು? ವಾಂತಿ ಮಾಡ್ಕೊಂಡು ನಮ್ಮ ಪ್ರಾಣ ತಿನ್ನೋಕಾ? ಮೊಬೈಲಲ್ಲಿ ವಿಡಿಯೋ ತೋರಿಸ್ತೀವಿ ಬಿಡಿ."

ಅತ್ತೆಯ ಕಣ್ಣು ತುಂಬಿ ಬಂತು... ನಾನು ಸುಮ್ಮನಿರುವ ಗಂಡಸೇ? ಗುಡುಗಿದೆ! "ಅಣ್ಣಾ! ಈ ತಾಯಿಯನ್ನು ಬಿಟ್ಟು ದೋಣಿ ಕದಲಿದರೆ ಆ ದೋಣಿಯನ್ನೇ ಹೆಗಲ ಮೇಲೆ ಹೊತ್ತು ವಾಪಸ್ ತರುತ್ತೇನೆ!" ನನ್ನ ದನಿಗೆ ಷಡ್ಡಕ ಮೂರು ಮಾರು ಹಿಂದಕ್ಕೆ ಹಾರಿದ. ನನ್ನ ಬೆಂಬಲ ಕಂಡ ಮೇಲೆಯೇ ಅತ್ತೆಗೆ ಧೈರ್ಯ ಬಂದಿದ್ದು. ಗಡಿಬಿಡಿಯಲ್ಲಿ ಕೈಯಲ್ಲೇ ಉಳಿದಿದ್ದ ಸೌಟನ್ನು ಅವನ ಅಂಗೈಯಲ್ಲಿಟ್ಟು ಬೆರಳು ಮಡಚಿದರು, ಮಗುವಿಗೆ ಮಾತ್ರೆ ಕೊಟ್ಟ ಹಾಗೆ.

"ಹಿಡ್ಕೊಳ್ಳಿ. ಅಕ್ಕಿ ಪೆಟ್ಟಿಗೆಯಲ್ಲಿದೆ. ಎಷ್ಟು ನೀರು ಅಂತ ನನ್ನನ್ನ ಕೇಳ್ಬೇಡಿ."

"ಅಮ್ಮಾ, ಬೇಡಮ್ಮಾ!" ಹಿರಿಮಗಳು ಅತ್ತೆಯ ತೋಳು ಹಿಡಿದು ಬಿಕ್ಕಿದಳು. "ಇವರಿಗೆ ಸಿಟ್ಟು ಬಂದ್ರೆ ಮನೇಲಿ ನನ್ನ ಗತಿ ಏನು?"

"ನಾನು ಬಾಯಿ ಮುಚ್ಕೊಂಡು ಬೇಯಿಸಿ ಹಾಕಿದ್ದಕ್ಕೆ ನಿನ್ನ ಗತಿ ಸುಧಾರಿಸ್ತಾ? ನಿನಗೋಸ್ಕರ ಸುಮ್ನಿದ್ದೆ. ನಿನಗೋಸ್ಕರಾನೇ ಇವತ್ತು ಹೊರಟಿದ್ದೀನಿ. ಬರೋದಾದ್ರೆ ಚಪ್ಪಲಿ ಹಾಕ್ಕೊ!"

ಹಿರಿಮಗಳು ಗಂಡನ ಮುಖ ನೋಡಿದಳು, ಸೌಟು ನೋಡಿದಳು... ಚಪ್ಪಲಿ ಹಾಕಿಕೊಂಡಳು!

ಬಂದರಿನ ಉದ್ದ ಮೇಜಿನ ಮೇಲೆ ಅಲ್ಲಿಯವರು ತಿನ್ನುವುದನ್ನೇ ತರಿಸಿದೆವು: ಒರಟು ರೊಟ್ಟಿ, ಕೆಂಡದಲ್ಲಿ ಸುಟ್ಟ ಮೀನು. ಅತ್ತೆ ಕೆಂಪು ವೈನನ್ನು ಮೂಸಿ, ಒಂದು ಗುಟುಕು ಕುಡಿದು, ವಾರ್ಡಿನ ಗತ್ತಿನಲ್ಲಿ ಹೇಳಿದರು: "ಟಾನಿಕ್ಕಿನ ಹಾಗಿದೆ. ಇನ್ನೊಂದು ಡೋಸ್ ಹಾಕೋಕೆ ಹೇಳು." ಹಿರಿಮಗಳು ಬಾಯಿಗೆ ಕೈ ಅಡ್ಡ ಇಡದೆ ನಕ್ಕಿದ್ದನ್ನು ನಾನು ನೋಡಿದ್ದು ಅದೇ ಮೊದಲು. ಷಡ್ಡಕ ಬರಲಿಲ್ಲ. ನಾವೂ ಕರೆಯಲಿಲ್ಲ.

ಆಮೇಲೆ ದೋಣಿ! ನಡುಸಮುದ್ರದಲ್ಲಿ ಬೆಟ್ಟದಂಥ ತಿಮಿಂಗಿಲವೊಂದು ಎದ್ದು, ಅತ್ತೆಯ ಮುಂದೆ ತಲೆ ಬಾಗಿಸಿ...

"ರೀ!" ಇಷ್ಟು ಬರೆಯುವಾಗ ಹೆಂಡತಿ ಬೆನ್ನ ಹಿಂದೆ ಬಂದು ನಿಂತಿದ್ದಾಳೆ. "ಗುಡುಗಿದ್ದು ಯಾರು? ಅಕ್ಕಂಗೂ ಅಮ್ಮಂಗೂ ಫೋನ್ ಮಾಡಿ ಓದಿ ಹೇಳ್ಲಾ?"

ಬೇಡ ಮಾರಾಯ್ತಿ. ನಿಜ ಹೇಳಿಬಿಡುತ್ತೇನೆ. ಗಂಟೆ ಹೊಡೆದಾಗ ನಾನು ತಿಂಡಿಗೆ ಕೂತಿದ್ದೆ, ಖಾಲಿ ತಟ್ಟೆ ಹಿಡಿದೇ ಅಂಗಳಕ್ಕೆ ಓಡಿದ್ದೆ. ಷಡ್ಡಕ ಕೂಗಾಡುವಾಗ ಆ ತಟ್ಟೆಯನ್ನು ಮುಖಕ್ಕೆ ಅಡ್ಡ ಹಿಡಿದಿದ್ದೆ. ಅತ್ತೆಗೆ ಯಾರ ಬೆಂಬಲವೂ ಇರಲಿಲ್ಲ. ಪ್ರವಾಸದುದ್ದಕ್ಕೂ ಅವರು ಬೇಯಿಸಿದ್ದನ್ನು ಎರಡೆರಡು ಸಲ ಬಡಿಸಿಕೊಂಡು ತಿಂದವನು ನಾನೇ. ನಾನು ಕುಡಿದದ್ದು ಅರ್ಧ ಲೋಟ ವೈನು. ದೋಣಿಯಲ್ಲಿ ಅದನ್ನೂ ಕಕ್ಕಿಬಿಟ್ಟೆ. ನನ್ನ ಹಣೆ ಒತ್ತಿ ಹಿಡಿದುಕೊಂಡವರು ಅತ್ತೆ, ಒಂದು ಹನಿಯೂ ಸೀರೆಗೆ ತಾಗದ ಹಾಗೆ ನಿಂತು.

ತಿಮಿಂಗಿಲ ಬರಲೇ ಇಲ್ಲ. ಸಂಜೆಯವರೆಗೂ ಬರಿಯ ನೀರು. ದೋಣಿಯವನು ಎಲ್ಲರ ಕ್ಷಮೆ ಕೇಳಿದ. ಹಿರಿಮಗಳು ಕಣ್ಣೊರೆಸಿಕೊಂಡು, "ಇಷ್ಟೆಲ್ಲ ಮಾಡಿ ಬಂದೂ ಕಾಣಿಸ್ಲಿಲ್ವಲ್ಲಮ್ಮಾ..." ಎಂದಳು. ಅತ್ತೆ ಕಂಬಿ ಹಿಡಿದು, ಗಾಳಿಗೆ ಮುಖವೊಡ್ಡಿ ನಿಂತಿದ್ದರು.

"ಬರೋದು ಬಿಡೋದು ಅದರಿಷ್ಟ ಕಣೇ," ಎಂದರು. "ನಾನಂತೂ ಬಂದೆ!"